ಅಂಗಳ ಅಗೆಯುವ ನಾಯಿ: ನಾವು ಪ್ರಯೋಗಿಸಿ ನೋಡಿದ ದಾರಿಗಳ ಹೋಲಿಕೆ

ಸಕಲೇಶಪುರದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಹಾಲುವಾಣದ ಮರಗಳಿಗೆ ಹಬ್ಬಿಸಿದ ಹನ್ನೆರಡು ಕಾಳುಮೆಣಸಿನ ಬಳ್ಳಿಗಳಿವೆ, ಬೇಲಿಯ ಪಕ್ಕದಲ್ಲಿ ಒಂದು ಸಾಲು ಗುಲಾಬಿಯಿದೆ, ಕಾಫಿ ಒಣಗಿಸಲು ಚಿಕ್ಕದೊಂದು ಮಣ್ಣಿನ ಕಣವಿದೆ. ಕಳೆದ ನವೆಂಬರಿನಲ್ಲಿ ನಮ್ಮ ಎರಡು ವರ್ಷದ ಡ್ಯಾಶ್‌ಹೌಂಡ್ ನಾಯಿ ಕೆಂಚ ಇಲ್ಲೆಲ್ಲ ದಿನಕ್ಕೆ ಐದಾರು ಗುಂಡಿಗಳನ್ನು ತೋಡತೊಡಗಿದಾಗ ನಮಗೆ ಆತಂಕವಾದದ್ದು ಅಂಗಳದ ಅಂದಕ್ಕಾಗಿ ಅಲ್ಲ. ಮೆಣಸಿನ ಬಳ್ಳಿಯ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಅವು ಗಾಯಗೊಂಡು, ಮಳೆಗಾಲದಲ್ಲಿ ಬುಡದ ಗುಂಡಿಯಲ್ಲಿ ನೀರು ನಿಂತರೆ, ಬಳ್ಳಿ ಶೀಘ್ರ ಸೊರಗು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಆದ್ದರಿಂದ ಜೂನ್ ತಿಂಗಳೊಳಗೆ ದಾರಿ ಕಂಡುಕೊಳ್ಳಲೇಬೇಕಿತ್ತು. ಒಂದೊಂದು ಉಪಾಯಕ್ಕೂ ಸುಮಾರು ಮೂರು ವಾರಗಳ ಅವಕಾಶ ಕೊಟ್ಟು, ಪ್ರತಿ ಸಂಜೆ ಹೊಸ ಗುಂಡಿಗಳನ್ನು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು.

ಕೆಂಚನನ್ನು ದೂರುವಂತಿರಲಿಲ್ಲ. ಡ್ಯಾಶ್‌ಹೌಂಡ್ ಎಂಬುದು ಜರ್ಮನಿಯಲ್ಲಿ ಬಿಲದೊಳಗಿನ ಬ್ಯಾಜರ್ ಪ್ರಾಣಿಯನ್ನು ಬೇಟೆಯಾಡಲೆಂದೇ ಬೆಳೆಸಿದ ತಳಿ. ಗಿಡ್ಡ ಕಾಲು, ಉದ್ದ ಮೈ, ಬಲವಾದ ಮುಂಗಾಲು ಎಲ್ಲವೂ ಆ ಕೆಲಸಕ್ಕೆ ಒಪ್ಪುವಂಥವು. ಮೊದಲ ವಾರ ಹಗಲು ಹೊತ್ತು ಚೈನಿನಲ್ಲಿ ಕಟ್ಟಿಹಾಕಿದೆವು. ಗುಂಡಿಗಳು ನಿಂತವು, ಆದರೆ ಅದು ಇಡೀ ದಿನ ಬೊಗಳಿ, ಬಿಚ್ಚಿದ ಒಂದು ಗಂಟೆಯಲ್ಲೇ ಕಣದ ಒಂದು ಮೂಲೆಯನ್ನು ಕಿತ್ತು ಹಾಕಿದ್ದರಿಂದ ಆ ದಾರಿಯನ್ನು ಅಲ್ಲಿಗೇ ಬಿಟ್ಟೆವು.

ಡಿಸೆಂಬರಿನಲ್ಲಿ ಬಳ್ಳಿಗಳ ಬುಡದಲ್ಲಿ ಎರಡು ಅಂಗುಲ ಮಣ್ಣು ಸರಿಸಿ, ಕಾಂಡದ ಸುತ್ತ ಜಾಗ ಬಿಟ್ಟು, ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯನ್ನು ಹಾಸಿದೆವು. ಅಂಚಿನ ತಂತಿಗಳು ಉಗುರಿಗೆ ಚುಚ್ಚದಂತೆ ಕೆಳಮುಖವಾಗಿ ಮಡಚುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ. ಜಾಲರಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಐದನೆಯ ದಿನದ ನಂತರ ಒಂದು ಬಳ್ಳಿಯ ಬುಡಕ್ಕೂ ಕೆಂಚ ಕಾಲಿಡಲಿಲ್ಲ. ಆದರೆ ಒಟ್ಟು ಲೆಕ್ಕ ಆರರಿಂದ ಐದಕ್ಕೆ ಮಾತ್ರ ಇಳಿಯಿತು, ಏಕೆಂದರೆ ಬಳ್ಳಿಯ ಬುಡದಲ್ಲಿ ತಪ್ಪಿದ ಗುಂಡಿಗಳು ಗುಲಾಬಿ ಸಾಲಿನಲ್ಲೂ ಬೇಲಿಯ ಬುಡದಲ್ಲೂ ಕಾಣಿಸಿಕೊಂಡವು.

ವಾಸನೆಯಿಂದ ದೂರವಿಡುವ ಉಪಾಯಗಳು ಜಾಲರಿಗಿಂತ ಅಗ್ಗ, ಆದರೆ ಅದರಷ್ಟು ನಂಬಿಕೆಗೆ ಅರ್ಹವಲ್ಲ. ಕಿತ್ತಳೆ ಮತ್ತು ನಿಂಬೆಯ ಸಿಪ್ಪೆ ಒಣಗುವವರೆಗೆ, ಅಂದರೆ ಎರಡು ಮೂರು ದಿನ, ಪರಿಣಾಮ ಬೀರಿತು. ಖಾರದ ಪುಡಿಯನ್ನು ಒಮ್ಮೆ ಉದುರಿಸಿದೆವು. ಮಣ್ಣು ಮೂಸಿದ ನಾಯಿಯ ಕಣ್ಣು ಕೆಂಪಾಗಿ ನೀರು ಸುರಿದಾಗ ತೊಳೆದು ಸಮಾಧಾನಪಡಿಸುತ್ತ ಕೂರಬೇಕಾಯಿತು, ಮತ್ತೆಂದೂ ಅದನ್ನು ಮುಟ್ಟಲಿಲ್ಲ. ಫಿಲ್ಟರಿನಲ್ಲಿ ಉಳಿಯುವ ಕಾಫಿ ಗಸಿಯನ್ನು ಸುರಿಯಿರಿ ಎಂದು ನೆರೆಯವರೊಬ್ಬರು ಪ್ರೀತಿಯಿಂದಲೇ ಹೇಳಿದ್ದರು. ನಮ್ಮ ಕಡೆ ಪ್ರತಿ ಮನೆಯಲ್ಲೂ ಸಿಗುವ ವಸ್ತುವಾದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ: ಕೆಫೀನ್ ನಾಯಿಗಳಿಗೆ ವಿಷ, ಗಸಿಯಲ್ಲೂ ಅದು ಉಳಿದಿರುತ್ತದೆ, ದಯವಿಟ್ಟು ಅದನ್ನು ಬಳಸಬೇಡಿ.

ಈ ಎರಡು ದಾರಿಗಳೂ ನಾಯಿಯನ್ನು ತಡೆದವೇ ಹೊರತು ಅದು ಅಗೆಯುವ ಕಾರಣವನ್ನು ಕೇಳಲಿಲ್ಲ. ಕಾರಣದ ಕಡೆಗೆ ನಮ್ಮ ಗಮನ ಸೆಳೆದವರು ತೋಟದ ಕೆಲಸಕ್ಕೆ ಬರುವ ಹಿರಿಯರು. ಬೇಲಿಯ ಬುಡವನ್ನು ನೋಡಿ, “ಇದು ಸುಮ್‌ಸುಮ್ನೆ ಕೆರೆಯಲ್ಲ ಅಕ್ಕ, ಕೆಳಗೆ ಹೆಗ್ಗಣ ಓಡಾಡ್ತದೆ” ಎಂದರು. ಗಮನಿಸಿದರೆ ಅಲ್ಲಿನ ಗುಂಡಿಗಳು ಹೆಗ್ಗಣದ ಬಿಲದ ಜಾಡಿನಲ್ಲೇ ಒಂದರ ಹಿಂದೆ ಒಂದರಂತೆ ಸಾಲಾಗಿದ್ದವು. ಪಾಷಾಣ ಇಡುವ ಯೋಚನೆಯನ್ನು ತಕ್ಷಣವೇ ಕೈಬಿಟ್ಟೆವು. ವಿಷವನ್ನೇ ಆಗಲಿ, ವಿಷ ತಿಂದು ಸತ್ತ ಹೆಗ್ಗಣವನ್ನೇ ಆಗಲಿ ನಾಯಿ ತಿಂದರೆ ಅದರ ಪ್ರಾಣಕ್ಕೇ ಅಪಾಯ. ಸುಟ್ಟ ಕೊಬ್ಬರಿ ಕಟ್ಟಿದ ಬೋನಿನಲ್ಲಿ ಮೂರು ವಾರಗಳಲ್ಲಿ ನಾಲ್ಕು ಹೆಗ್ಗಣಗಳು ಬಿದ್ದವು, ಬೇಲಿಯ ಗುಂಡಿಗಳು ಬಹುಪಾಲು ನಿಂತವು.

ಗುಲಾಬಿ ಸಾಲಿನ ಕಾರಣ ನಾವೇ ಹಾಕಿದ ಗೊಬ್ಬರವಾಗಿತ್ತು. ಎಲುಬಿನ ಪುಡಿಯ ವಾಸನೆ ನಾಯಿಯನ್ನು ಸೆಳೆಯುತ್ತದೆ, ಅದರೊಂದಿಗೆ ಬೆರೆಸಿದ್ದ ಹರಳು ಹಿಂಡಿಯಂತೂ ನಾಯಿಗೆ ಅತ್ಯಂತ ಅಪಾಯಕಾರಿ. ಹರಳು ಬೀಜದ ರಿಸಿನ್ ಎಂಬ ವಿಷ ಎಣ್ಣೆ ತೆಗೆದ ಮೇಲೂ ಹಿಂಡಿಯಲ್ಲಿ ಉಳಿದಿರಬಹುದು, ಸ್ವಲ್ಪ ತಿಂದರೂ ವಾಂತಿ, ರಕ್ತಭೇದಿಯಾಗಿ ನಾಯಿ ಸಾಯಬಹುದು. ಇಷ್ಟು ದಿನ ಅದು ಅಲ್ಲಿ ಮೂತಿ ತೂರಿಸಿ ಅಗೆದದ್ದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಮೇಲ್ಮಣ್ಣನ್ನು ತೆಗೆದು ದೂರ ಹಾಕಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಾತ್ರ ಕೊಟ್ಟೆವು. ಫೆಬ್ರವರಿಯ ಕೊನೆಗೆ ಲೆಕ್ಕ ದಿನಕ್ಕೆ ಮೂರಾಗಿತ್ತು.

ಉಳಿದ ಮೂರಕ್ಕೆ ಕಾರಣ ಶಕ್ತಿ ಮತ್ತು ಸೆಕೆ. ಇಲ್ಲಿ ನಿಜವಾದ ಪೈಪೋಟಿ ನಡೆದದ್ದು ವಾಕಿಂಗ್ ಮತ್ತು ಅಗೆಯಲೆಂದೇ ಮಾಡಿಕೊಟ್ಟ ಗುಂಡಿಯ ನಡುವೆ. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ನಡೆಸಿದಾಗ ಲೆಕ್ಕ ಎರಡಕ್ಕೆ ಇಳಿಯಿತು, ನಾಯಿಯೂ ಸಂತೋಷವಾಗಿತ್ತು. ಆದರೆ ಚಿರತೆಯ ಭಯದಿಂದ ಕತ್ತಲಾಗುವ ಮೊದಲೇ ಮನೆ ಸೇರಬೇಕು, ಮತ್ತು ಜೂನಿನಿಂದ ಮಳೆ ಹಿಡಿದರೆ ದಾರಿಯುದ್ದಕ್ಕೂ ಉಂಬಳಗಳು ಅದರ ಬೆರಳುಸಂದಿಗೆ ಹತ್ತುತ್ತವೆ. ಹೀಗೆ ಬಳ್ಳಿಗೆ ಅಪಾಯ ಹೆಚ್ಚಿರುವ ತಿಂಗಳುಗಳಲ್ಲೇ ವಾಕಿಂಗ್ ಕೈಕೊಡುತ್ತದೆ.

ಹಲಸಿನ ಮರದ ನೆರಳಿನಲ್ಲಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆಸಿ, ಸುತ್ತ ಸೈಜುಗಲ್ಲು ಇಟ್ಟು, ಕೆಮ್ಮಣ್ಣು ಮತ್ತು ಮರಳನ್ನು ಸಮವಾಗಿ ಬೆರೆಸಿ ತುಂಬಿದೆವು. ಮೊದಲ ದಿನಗಳಲ್ಲಿ ಅದರ ರಬ್ಬರ್ ಚೆಂಡನ್ನೋ ಬೇಯಿಸಿದ ಗೆಣಸಿನ ತುಂಡನ್ನೋ ಅರ್ಧ ಕಾಣುವಂತೆ ಹೂತು, ಕ್ರಮೇಣ ಆಳಕ್ಕೆ ಇಳಿಸಿದೆವು. ಬೇರೆಡೆ ಕೆರೆಯಲು ತೊಡಗಿದರೆ ಆ ಕ್ಷಣವೇ ಹೆಸರು ಹಿಡಿದು ಕರೆದು, ಇಲ್ಲಿಗೆ ತಂದು, ಅಗೆದಾಗ ಬೆನ್ನು ಸವರಿ ಹೊಗಳಿದೆವು. ಗುಂಡಿ ತೋಡಿ ಗಂಟೆಗಳಾದ ಮೇಲೆ ಗದರಿದರೆ ನಾಯಿಗೆ ಏಕೆಂದು ತಿಳಿಯುವುದೇ ಇಲ್ಲ. ಬೇಸಿಗೆಯ ಮಧ್ಯಾಹ್ನ ಆ ಮಣ್ಣಿಗೆ ನೀರು ಚಿಮುಕಿಸಿದರೆ ಅದು ತಂಪಿಗಾಗಿ ಅಲ್ಲೇ ಮಲಗತೊಡಗಿತು. ಮೂರನೆಯ ವಾರದಲ್ಲಿ ಐದು ದಿನ ಹೊರಗೆ ಒಂದೂ ಗುಂಡಿಯಿರಲಿಲ್ಲ, ಉಳಿದ ಎರಡು ದಿನ ಒಂದೊಂದಿತ್ತು.

ಇದು ಪೂರ್ತಿ ನ್ಯಾಯವಾದ ಹೋಲಿಕೆಯಲ್ಲವೆಂದು ಒಪ್ಪುತ್ತೇನೆ. ಈ ಗುಂಡಿಯ ಸರದಿ ಬರುವಷ್ಟರಲ್ಲಿ ಹೆಗ್ಗಣಗಳೂ ಎಲುಬಿನ ಪುಡಿಯೂ ಹೋಗಿದ್ದವು. ಹಾಗಿದ್ದರೂ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ನಾಯಿಯ ಹುಟ್ಟುಗುಣಕ್ಕೆ ಜಾಗ ಕೊಟ್ಟ ಉಪಾಯ ಇದೊಂದೇ. ಮಳೆಗೆ ಅದು ಕೆಸರಾಗದಂತೆ ಮೇ ತಿಂಗಳಲ್ಲಿ ನಾಲ್ಕು ಕಂಬ ನೆಟ್ಟು ತಗಡಿನ ಶೀಟು ಹೊದಿಸಿದೆವು. ಮೆಣಸಿನ ಬುಡದ ಜಾಲರಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇವೆ. ಹೊಸ ಬೇರುಗಳು ಈಗ ಅದರ ಕಣ್ಣುಗಳ ಮೂಲಕ ಹಾದುಹೋಗಿವೆ, ಕಿತ್ತರೆ ಅವೇ ಹರಿಯುತ್ತವೆ.