ಕ್ಯಾರೊಲಿನಾ ಗೋಲ್ಡ್ ಅಕ್ಕಿ: ಅನ್ನಕ್ಕೆ ಪಾಸು, ಗಂಜಿಗೆ ಫೇಲು

ಕಳೆದ ತಿಂಗಳು ಮಗ ಅಮೆರಿಕದಿಂದ ಬಂದಾಗ ಚಾಕಲೇಟಿನ ಜೊತೆ ಒಂದು ಸಣ್ಣ ಬಟ್ಟೆ ಚೀಲ ತಂದಿದ್ದ. ಒಳಗೆ ನೋಡಿದರೆ ಅಕ್ಕಿ! ಕಲ್ಯಾಣಪುರದ ಗದ್ದೆ ಮನೆಗೆ ಅಮೆರಿಕದ ಅಕ್ಕಿ. ಅವನ ಅಪ್ಪ ಇದ್ದಿದ್ದರೆ ಎರಡು ದಿನ ನಗುತ್ತಿದ್ದರು. "ಇದು ಕ್ಯಾರೊಲಿನಾ ಗೋಲ್ಡ್ ಅಮ್ಮ, ಚಾರ್ಲ್ಸ್ಟನ್ ಕಡೆ ಭಾರಿ ಹೆಸರು" ಅಂದ. ಚಾರ್ಲ್ಸ್ಟನ್ ಅಂದರೆ ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಬಂದರು ಪೇಟೆ. ಅರ್ಧ ಕಿಲೋ ಕೂಡ ಇಲ್ಲ. ಬೆಲೆ ಕೇಳಿದರೆ ಮಾತು ತಪ್ಪಿಸಿದ. ಕೊನೆಗೆ ಬಾಯಿ ಬಿಟ್ಟ. ಆ ದುಡ್ಡಿಗೆ ಇಲ್ಲಿ 10 ಕಿಲೋ ಕುಚ್ಚಲಕ್ಕಿ ಬರುತ್ತದೆ.

ಮೊದಲು ಅಡುಗೆ ವಿಷಯ. ಇದು ಬೆಳ್ತಿಗೆ ಅಕ್ಕಿ. ಹೆಸರು ಕೇಳಿ ಅಕ್ಕಿ ಹಳದಿ ಅಂದುಕೊಳ್ಳಬೇಡಿ, ಬಂಗಾರದ ಬಣ್ಣ ಇರುವುದು ಭತ್ತದ ಉಮಿಗೆ. ಕುಕ್ಕರಿನಲ್ಲಿ ಇಟ್ಟೆ, ಮುದ್ದೆಯಾಯಿತು. ಮರುದಿನ ಜಾಸ್ತಿ ನೀರಿಟ್ಟು ಬೇಯಿಸಿ ಬಸಿದೆ. ಆಗ ಉದುರುದುರಾಗಿ ಬಂತು. ಮೆತ್ತಗೆ, ಚೂರು ಸಿಹಿ. ಸೌತೆಕಾಯಿ ಹುಳಿಗೆ ಒಳ್ಳೆ ಜೋಡಿ. ಗಂಜಿ ಮಾತ್ರ ಆಗುವುದಿಲ್ಲ. ಕುಚ್ಚಲಕ್ಕಿ ತಿಳಿಯ ರುಚಿ ಇದಕ್ಕೆ ಎಲ್ಲಿಂದ ಬರಬೇಕು? ಮಿಡಿ ಉಪ್ಪಿನಕಾಯಿಯೂ ಕಾಪಾಡಲಿಲ್ಲ.

ಮೂರನೇ ದಿನ ಮಗನೇ ಅಲ್ಲಿಯ ಕ್ರಮದಲ್ಲಿ ಅಲಸಂಡೆ ಕಾಳು ಹಾಕಿ ಮಾಡಿದ. ಅದಕ್ಕೆ ಹಾಪಿನ್ ಜಾನ್ ಅಂತ ಹೆಸರು, ಹೊಸ ವರ್ಷದ ದಿನ ತಿನ್ನುತ್ತಾರಂತೆ. ಅವರು ಹಂದಿ ಮಾಂಸ ಹಾಕುತ್ತಾರೆ, ನಾವು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆವು. ಪಾತ್ರೆ ತೊಳೆಯುವ ಕೆಲಸವೇ ಉಳಿಯಲಿಲ್ಲ.

ನನ್ನ ತಕರಾರು ಇರುವುದು ಚೀಲದ ಮೇಲಿನ ಬರಹಕ್ಕೆ. ಘಮ, ಪರಂಪರೆ, ಎಲ್ಲ ಇದೆ. ತಳಿ ಹೆಚ್ಚುಕಡಿಮೆ ಮರೆಯಾಗಿದ್ದಾಗ 1980ರ ದಶಕದಲ್ಲಿ ಅಲ್ಲಿಯ ಸವಾನಾ ಎಂಬ ಪೇಟೆಯ ಕಣ್ಣಿನ ಡಾಕ್ಟರೊಬ್ಬರು ಸರಕಾರಿ ಬೀಜ ಸಂಗ್ರಹದಿಂದ ತರಿಸಿ ಬಿತ್ತಿದ ಕಥೆಯೂ ಇದೆ. ಅವರು ಬಿತ್ತಿದ್ದು ಬಾತುಕೋಳಿ ಬರಲಿ ಅಂತ. ಸರಿ, ಬಾತುಕೋಳಿಗೂ ಚೀಲದಲ್ಲಿ ಜಾಗ ಸಿಕ್ಕಿತು. ಮೊದಲು ಬೆಳೆದವರಿಗೆ ಒಂದು ಸಾಲೂ ಇಲ್ಲ.

ಗದ್ದೆಗೆ ಇಳಿದ ಹೆಂಗಸು ಕೇಳುವುದೇ ಅದನ್ನಲ್ವಾ? ಇಂಗ್ಲೆಂಡಿನಿಂದ ಹೋದವರಿಗೆ ಭತ್ತದ ಕೆಲಸ ಏನು ಗೊತ್ತು? ಗೊತ್ತಿದ್ದದ್ದು ಪಶ್ಚಿಮ ಆಫ್ರಿಕಾದ ಈಗಿನ ಸೆನೆಗಲ್, ಗಾಂಬಿಯಾ, ಸಿಯೆರಾ ಲಿಯೋನ್ ಕಡೆಯವರಿಗೆ. ಅವರು ತಲೆತಲಾಂತರದಿಂದ ಭತ್ತ ಬೆಳೆಯುತ್ತಿದ್ದವರು. ಅವರನ್ನು ಹಡಗಿಗೆ ತುಂಬಿ ಚಾರ್ಲ್ಸ್ಟನ್‌ನಲ್ಲಿ ತಂದು ಗುಲಾಮರಾಗಿ ಮಾರಿದರು. 1760ರ ಸುಮಾರಿನ ಮಾರಾಟದ ಜಾಹೀರಾತಿನಲ್ಲಿ ಇವರು 'ರೈಸ್ ಕೋಸ್ಟ್'ನವರು ಅಂತ ಮುದ್ದಾಂ ಹಾಕುತ್ತಿದ್ದರು. ಅಂದರೆ ಅಕ್ಕಿಯ ಕರಾವಳಿ. ಓದಿ ಮೈ ಜುಂ ಅಂತು. 1708ರ ಹೊತ್ತಿಗೇ ದಕ್ಷಿಣ ಕ್ಯಾರೊಲಿನಾದಲ್ಲಿ ಬಿಳಿಯರಿಗಿಂತ ಕರಿಯರೇ ಜಾಸ್ತಿ ಇದ್ದರು.

ಕೆಲಸದ ಲೆಕ್ಕ ಕೇಳಿ. ಒಬ್ಬರಿಗೆ ದಿನಕ್ಕೆ ಕಾಲು ಎಕರೆ, ನಮ್ಮ ಲೆಕ್ಕದಲ್ಲಿ 25 ಸೆಂಟ್ಸ್. ಕೆಸರಿನಲ್ಲಿ ನಿಂತು ಗುದ್ದಲಿಯಲ್ಲಿ. ಕೊಯ್ಲಾದ ಮೇಲೆ ಒರಳು, ಒನಕೆ, ಗೆರಸೆ. ಹೊಳೆ ಬದಿಗೆ ಕಟ್ಟ ಹಾಕಿ ಮರದ ಬಾಗಿಲು ಇಡುತ್ತಿದ್ದರು. ಭರತದಲ್ಲಿ ಸಿಹಿನೀರು ಮೇಲೆ ಬಂದಾಗ ಒಳಗೆ ಬಿಡುವುದು, ಇಳಿತದಲ್ಲಿ ಹೊರಗೆ. ಉಪ್ಪು ನೀರು ನುಗ್ಗಿದರೆ ಬೆಳೆ ಹೋಯಿತು. ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲೇರಿಯಾ ಕಾಲದಲ್ಲಿ ಧಣಿಗಳು ಪೇಟೆಗೆ ಹೋಗುತ್ತಿದ್ದರು. ದುಡಿಯುವವರು ಗದ್ದೆಯಲ್ಲೇ.

1756ರಲ್ಲಿ ಸಿಯೆರಾ ಲಿಯೋನ್‌ನಿಂದ 'ಹೇರ್' ಎಂಬ ಹಡಗಿನಲ್ಲಿ ಬಂದ 10 ವರ್ಷದ ಒಬ್ಬಳು ಹುಡುಗಿಯನ್ನು ಇಲಿಯಾಸ್ ಬಾಲ್ ಎಂಬ ಭತ್ತದ ಧಣಿ ಕೊಂಡುಕೊಂಡ. ಪ್ರಿಸಿಲ್ಲಾ ಅಂತ ಹೆಸರಿಟ್ಟ. ಹಡಗಿನ ಕಡತ, ಧಣಿ ಮನೆಯ ಕಡತ ಎರಡೂ ಉಳಿದದ್ದರಿಂದ ಅವಳ ವಂಶದ ಹೆಣ್ಣುಮಗಳೊಬ್ಬರು 2005ರಲ್ಲಿ ಸಿಯೆರಾ ಲಿಯೋನ್‌ಗೆ ಹೋಗಿ ಬಂದರು. ಹೆತ್ತವಳು ಇಟ್ಟ ಹೆಸರು ಮಾತ್ರ ಸಿಗಲಿಲ್ಲ. ಹಾಗಂತ ಎಲ್ಲರೂ ಸುಮ್ನೆ ತಲೆ ತಗ್ಗಿಸಿ ದುಡಿದರು ಅಂತ ಅಲ್ಲ. 1739ರಲ್ಲಿ ಸ್ಟೋನೋ ಹೊಳೆ ಬದಿಯಲ್ಲಿ ಎದ್ದು ಸ್ಪೇನಿನವರ ಫ್ಲೋರಿಡಾ ಕಡೆ ನಡೆದರು, ಅಲ್ಲಿ ಬಿಡುಗಡೆ ಸಿಗುತ್ತದೆ ಅಂತ. ದಂಗೆ ಅಡಗಿಸಿದರು. 1740ರಲ್ಲಿ ಅವರಿಗೆ ಬರೆಯಲು ಕಲಿಸುವುದೇ ಅಪರಾಧ ಅಂತ ಕಾನೂನು ಬಂತು.

ಇದನ್ನೆಲ್ಲ ಚೀಲದಲ್ಲಿ ಬರೆಯಲಾಗುತ್ತದೆಯೇ ಅಂತ ಮಗ ಕೇಳಿದ. ಬಾತುಕೋಳಿ ಹಿಡಿಸಿದಲ್ಲಿ ಒಂದು ಸಾಲು ಹಿಡಿಸುತ್ತದೆ ಮಾರಾಯ ಅಂದೆ. ಅಂದ ಮೇಲೆ ಅಜ್ಜನ ಮನೆ ನೆನಪಾಯಿತು. ಅಲ್ಲಿ 'ಮೂಲದಾಳು' ಅನ್ನುವ ಮಾತಿತ್ತು. ತಲೆಮಾರುಗಟ್ಟಲೆ ಒಂದೇ ಮನೆಯ ಗದ್ದೆಗೆ ಕಟ್ಟಿಹಾಕಿದವರು. ಹಡಗಿನಲ್ಲಿ ತಂದದ್ದಲ್ಲ, ಒಪ್ಪುತ್ತೇನೆ. ಆದರೆ ಉಡುಪಿ ಪೇಟೆಯಲ್ಲಿ 'ಸಾಂಪ್ರದಾಯಿಕ ಅಕ್ಕಿ' ಅಂತ ಮಾರುವ ಚೀಲಗಳನ್ನು ನಾನೂ ಎಷ್ಟೋ ತಂದಿದ್ದೇನೆ. ಅವುಗಳ ಮೇಲೆ ಎತ್ತು, ನೇಗಿಲು, ತೆನೆ ಇರುತ್ತವೆ.

ಸ್ಟಾರ್ ಕೊಡಬೇಕಲ್ಲ: ಅಕ್ಕಿಗೆ 4, ಚೀಲಕ್ಕೆ 1. ಇದರ ನುಚ್ಚನ್ನು ಬೇರೆ ಚೀಲ ಮಾಡಿ ಅಲ್ಲಿ ಈಗ ದುಬಾರಿಗೆ ಮಾರುತ್ತಾರಂತೆ. ಆ ಕಾಲದಲ್ಲಿ ಇಡೀ ಕಾಳು ಹಡಗು ಹತ್ತುತ್ತಿತ್ತು, ನುಚ್ಚು ಕುಟ್ಟಿದವರ ಪಾಲಿಗೆ. ಮುಂದಿನ ಸಲ ನುಚ್ಚು ತರಲಾ ಅಂತ ಮಗ ಫೋನಿನಲ್ಲಿ ಕೇಳಿದ. ಬೇಡ ಅಂದಿದ್ದೇನೆ.