ಫೆಟ್ ಸರ್ಕ್ಯೂಟ್ ಕಿಟ್: ವಿದ್ಯುತ್ ಪಾಠ ಮಾಡುವವರು ನೋಡಲೇಬೇಕಾದದ್ದು

ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವ ಯಾರೇ ಸಿಕ್ಕರೂ ನಾನು ಫೆಟ್ ನೋಡಿ ಅಂತಲೇ ಹೇಳುತ್ತೇನೆ. ವಿಜ್ಞಾನದ ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೇ ಮಾಡಿ ನೋಡುವ ವೆಬ್‌ಸೈಟ್ ಇದು, ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ್ದು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದರು. ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಸಿಗುತ್ತದೆ. ಅದರಲ್ಲಿ ನಾನು ಜಾಸ್ತಿ ಬಳಸುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಸರ್ಕ್ಯೂಟ್ ಕಟ್ಟುವ ಕಿಟ್.

ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬ್‌ನಲ್ಲಿ ಒಂದಷ್ಟು ಖರ್ಚಾಗಿ, ಉಳಿದಿದ್ದು ವಾಪಸ್ ಬರುತ್ತದೆ ಅಂತ ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಖರ್ಚಾಗದಿದ್ದರೆ ಮನೆಗೆ ಬಿಲ್ ಯಾಕೆ ಬರುತ್ತೆ ಸಾರ್ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ ಅಲ್ವಾ? ಬೋರ್ಡಿನ ಮೇಲೆ ಬಾಣ ಬರೆದು ಎಷ್ಟು ಹೇಳಿದರೂ ಕರೆಂಟ್ ಖರ್ಚಾಗುವುದಿಲ್ಲ ಅನ್ನುವುದು ತಲೆಗೆ ಹೋಗುವುದು ಕಷ್ಟ.

ಕಿಟ್‌ನಲ್ಲಿ 9 ವೋಲ್ಟ್‌ನ ಬ್ಯಾಟರಿಗೆ 10 ಓಮ್‌ನ ಒಂದು ಬಲ್ಬ್ ಜೋಡಿಸಿ. ಸುತ್ತು ಪೂರ್ತಿಯಾದ ಕೂಡಲೇ ನೀಲಿ ಎಲೆಕ್ಟ್ರಾನ್‌ಗಳು ಇಡೀ ತಂತಿಯಲ್ಲಿ ಒಟ್ಟಿಗೇ ಹೊರಡುತ್ತವೆ. ಬಲ್ಬ್‌ಗಿಂತ ಮೊದಲು ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟರೂ 0.90 ಆಂಪಿಯರ್, ಆಮೇಲೆ ಇಟ್ಟರೂ ಅಷ್ಟೇ. ಆ ಎರಡು ಅಂಕಿ ನೋಡಿದ ಮೇಲೆ ಬಿಲ್ಲಿನ ಮಾತು ಸಲೀಸು: ನಾವು ದುಡ್ಡು ಕೊಡುವುದು ಶಕ್ತಿಗೆ, ಯೂನಿಟ್ ಅಂದರೆ ಕಿಲೋವ್ಯಾಟ್ ಗಂಟೆ. ಇನ್ನೊಂದು ಬಲ್ಬನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಸೇರಿಸಿದರೆ ಕರೆಂಟ್ 0.45ಕ್ಕೆ ಇಳಿಯುತ್ತದೆ. ಸಮಾಂತರದಲ್ಲಿ, ಅಂದರೆ ಬೇರೆ ಬೇರೆ ದಾರಿಯಲ್ಲಿ ಸೇರಿಸಿದರೆ ಒಂದೊಂದಕ್ಕೂ 0.90, ಬ್ಯಾಟರಿ ಹತ್ತಿರ 1.80. ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ಜೋಡಿಸಿದರೆ ಪರದೆಯಲ್ಲಿ ಬೆಂಕಿ ಹತ್ತುತ್ತದೆ. ಶಾರ್ಟ್ ಸರ್ಕ್ಯೂಟ್ ಮಾಡಿ ತೋರಿಸಲು ಇದಕ್ಕಿಂತ ಸುರಕ್ಷಿತ ದಾರಿ ನನಗೆ ಗೊತ್ತಿಲ್ಲ.

ಆದರೆ ಇದೊಂದೇ ಸಾಲದು. ನಿಜವಾದ ಟಾರ್ಚ್ ಸೆಲ್‌ಗೆ ಎರಡನೇ ಬಲ್ಬನ್ನು ಸಮಾಂತರದಲ್ಲಿ ಹಾಕಿದರೆ ಬೆಳಕು ಸ್ವಲ್ಪ ಕುಗ್ಗುತ್ತದೆ, ಸೆಲ್ ಹಳೆಯದಾದರೆ ಎದ್ದು ಕಾಣುತ್ತದೆ. ಸೆಲ್‌ನ ಒಳಗೂ ರೋಧ, ಅಂದರೆ ಕರೆಂಟಿಗೆ ಅಡ್ಡಿ ಇರುತ್ತದೆ, ಅದಕ್ಕೆ. ಕಿಟ್‌ನಲ್ಲಿ ಅದನ್ನು ಸೊನ್ನೆಯಲ್ಲಿ ಇಟ್ಟಿದ್ದಾರೆ. ಏರಿಸಲು ಸ್ಲೈಡರ್ ಇದೆ, ಹುಡುಕಿ ತೆರೆಯಬೇಕು. ಇನ್ನು ಸಡಿಲವಾದ ಜೋಡಣೆ, ತುಕ್ಕು ಹಿಡಿದ ಕ್ಲಿಪ್ ಇವೆಲ್ಲ ಪರದೆಯಲ್ಲಿ ಇಲ್ಲವೇ ಇಲ್ಲ. ಬಲ್ಬ್ ಯಾಕೆ ಉರಿಯಲಿಲ್ಲ ಅಂತ ತಂತಿ ತಂತಿ ಮುಟ್ಟಿ ಹುಡುಕುವುದರಲ್ಲಿ ಮಗು ಕಲಿಯುವುದು ಬಹಳ ಇದೆ. ಅದನ್ನು ಕಿತ್ತುಕೊಳ್ಳಬಾರದು. ಹಾಗಾಗಿ ನಾನು ಪಕ್ಕದಲ್ಲೇ ಸೆಲ್, ಬಲ್ಬ್, ತಂತಿ ಇಟ್ಟಿರುತ್ತೇನೆ.

ಶಿಕ್ಷಕರಿಗೆ ಕೊಟ್ಟಿರುವ ಸಾಮಗ್ರಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇದೆ. ಚಿಕ್ಕ ಮೊಬೈಲ್‌ನಲ್ಲಿ ತಂತಿ ಎಳೆಯುವುದು ಕಷ್ಟ, ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ನೆಟ್ ಬರದ ಶಾಲೆಯಾದರೆ ಫೈಲ್ ಮೊದಲೇ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ಒಯ್ಯಬಹುದು, ಆರಾಮಾಗಿ ನಡೆಯುತ್ತದೆ.

ಒಂದೇ ಮಾತು: ಸುಮ್ನೆ ವಿಡಿಯೋ ಥರ ತೋರಿಸಿಬಿಡಬೇಡಿ. ಎರಡನೇ ಬಲ್ಬ್ ಸೇರಿಸುವ ಮೊದಲು ಏನಾಗುತ್ತದೆ ಅಂತ ಪ್ರತಿ ಮಗುವಿನಿಂದಲೂ ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಮೌಸ್ ಅವರ ಕೈಗೇ ಕೊಡಿ.