ಹಿಮಾಲಯನ್ 411ಕ್ಕೆ ತಾನೇ ಟ್ಯೂನ್ ಆಗುವ ಮಾಡ್ಯೂಲ್: ಮೂರು ಬಗೆಗಳನ್ನು ಹಾಕಿ ನೋಡಿದ ಮೇಲೆ

ವೈಡ್‌ಬ್ಯಾಂಡ್ ಸೆನ್ಸರಿನ (ಹೊಗೆಯ ಆಮ್ಲಜನಕ ನೋಡಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಅಳೆಯುವ ಸೆನ್ಸರ್) ಜೊತೆಗೆ ಕೆಲಸ ಮಾಡುವ ಪಿಗ್ಗಿಬ್ಯಾಕ್ ಮಾಡ್ಯೂಲ್, ಅಂದರೆ ಕಂಪನಿಯ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕೊಡುವ ಪೆಟ್ರೋಲನ್ನು ತಾನೇ ತಿದ್ದುವ ಡಬ್ಬಿ, ಒಂದು ವರ್ಷದಿಂದ ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನ ಸೀಟಿನ ಕೆಳಗಿದೆ, ಅದನ್ನು ತೆಗೆಯುವ ಯೋಚನೆ ನನಗಿಲ್ಲ. ಅದಕ್ಕೂ ಮುಂಚೆ ಇದೇ ಬೈಕಿಗೆ ಇನ್ನೆರಡು ಬಗೆಯವನ್ನು ಹಾಕಿ ಓಡಿಸಿದ್ದೆ. ಬೈಕಿನ ಮೂಲ ಆಕ್ಸಿಜನ್ ಸೆನ್ಸರನ್ನೇ ನಂಬಿಕೊಂಡ ಚಿಕ್ಕ ಡಬ್ಬಿಯನ್ನು ದುಡ್ಡು ಕೊಟ್ಟು ಕೊಂಡು ಕೈಸುಟ್ಟುಕೊಂಡೆ. ಕಂಪನಿಯ ಇಸಿಯುವನ್ನೇ ತೆಗೆದು ಅದರ ಜಾಗದಲ್ಲಿ ಕೂರಿಸುವ ಪೂರ್ಣ ಇಸಿಯುವನ್ನು ಗೆಳೆಯನೊಬ್ಬನಿಂದ ಮೂರು ವಾರದ ಮಟ್ಟಿಗೆ ತಂದು ನೋಡಿದೆ. ಒಂದೇ ಬಗೆಯಲ್ಲಿ ಬರುವ ಬೇರೆ ಬೇರೆ ಹೆಸರಿನ ಮಾಡ್ಯೂಲ್‌ಗಳು ಬಹುತೇಕ ಒಂದೇ ತತ್ತ್ವದ ಮೇಲೆ ನಡೆಯುವುದರಿಂದ ಇಲ್ಲಿ ಹೋಲಿಸುತ್ತಿರುವುದು ಬಗೆಗಳನ್ನು, ಹೆಸರುಗಳನ್ನಲ್ಲ.

ಇಂಥದ್ದೊಂದು ಬೇಕಾದದ್ದು ನಾನು ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಿಸಿದ ಮೇಲೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಬೈಕುಗಳಲ್ಲಿ ಒಂದೇ ಹದದ ವೇಗದಲ್ಲಿ ಹೋಗುವಾಗ ಇಸಿಯು ಆಕ್ಸಿಜನ್ ಸೆನ್ಸರನ್ನು ನೋಡುತ್ತಾ, ಪೆಟ್ರೋಲ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕೋ ಅಷ್ಟೇ ಇರುವಂತೆ ಮಿಶ್ರಣವನ್ನು ಹಿಡಿದಿಡುತ್ತದೆ. ಥ್ರಾಟಲ್ ಪೂರ್ತಿ ತಿರುವಿದಾಗ ಸೆನ್ಸರನ್ನು ಬಿಟ್ಟು, ಮೊದಲೇ ಬರೆದಿಟ್ಟ ಪಟ್ಟಿಯ ಪ್ರಕಾರ ಪೆಟ್ರೋಲ್ ಹಾಕುತ್ತದೆ. ನನ್ನ ಎಂಜಿನ್ ಹೊಸದಾಗಿ ಎಷ್ಟು ಹೆಚ್ಚು ಗಾಳಿ ಎಳೆಯುತ್ತಿದೆ ಎಂಬುದು ಆ ಪಟ್ಟಿಗೆ ಗೊತ್ತಿಲ್ಲ. ಇದರ ಮೇಲೆ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಬಂತು. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸಾಕಾದರೆ ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಇನ್ನಷ್ಟು ಬೇಕು. ಸೆನ್ಸರ್ ನೋಡಿಕೊಂಡು ನಡೆಯುವ ಹೊತ್ತಿನಲ್ಲಿ ಇದು ತಾನಾಗಿಯೇ ಸರಿಹೋಗುತ್ತದೆ, ಪಟ್ಟಿಯ ಮೇಲೆ ನಡೆಯುವಾಗ ಹೋಗುವುದಿಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಥ್ರಾಟಲ್ ಕೊಟ್ಟರೆ ಬೈಕು ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತಿತ್ತು. ಥ್ರಾಟಲ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾಕಿ ಸಿಡಿದಂತೆ ಸದ್ದು.

ಮೊದಲು ಕೊಂಡ ಚಿಕ್ಕ ಡಬ್ಬಿಯನ್ನು ಕೂರಿಸಲು ಅರ್ಧ ಗಂಟೆ ಸಾಕಾಯಿತು: ಇಂಜೆಕ್ಟರಿನ (ಪೆಟ್ರೋಲ್ ಚಿಮ್ಮಿಸುವ ಭಾಗ) ಕನೆಕ್ಟರ್, ಸೆನ್ಸರಿನ ಕನೆಕ್ಟರ್, ಒಂದು ಅರ್ತ್ ವೈರ್. ಅದರ ತೊಂದರೆ ಇರುವುದು ಮೂಲ ಸೆನ್ಸರಿನ ಸ್ವಭಾವದಲ್ಲಿ. ಈ ನ್ಯಾರೋಬ್ಯಾಂಡ್ ಸೆನ್ಸರ್ ಸರಿ ಮಿಶ್ರಣದ ಗೆರೆಯ ಎರಡೂ ಬದಿಗೆ 0.1ರಿಂದ 0.9 ವೋಲ್ಟಿನವರೆಗೆ ಥಟ್ಟನೆ ಜಿಗಿಯುತ್ತದೆ. ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗಿದೆಯೇ ರಿಚ್ (ಪೆಟ್ರೋಲ್ ಹೆಚ್ಚು) ಆಗಿದೆಯೇ ಎಂದು ಹೇಳುತ್ತದೆಯೇ ಹೊರತು ಎಷ್ಟು ಎಂದು ಹೇಳುವುದಿಲ್ಲ. ಆದ್ದರಿಂದ ಡಬ್ಬಿಯು ಸಮವೇಗದಲ್ಲಿ ಕಲಿತ ತಿದ್ದುಪಡಿಯನ್ನೇ ಅಂದಾಜಿನ ಮೇಲೆ ಪೂರ್ತಿ ಥ್ರಾಟಲಿಗೂ ಹಚ್ಚುತ್ತದೆ. ಸೈಲೆನ್ಸರ್ ಮೂಲದ್ದೇ ಆಗಿದ್ದರೆ ಆ ಅಂದಾಜು ಹೆಚ್ಚು ತಪ್ಪುವುದಿಲ್ಲ. ನನ್ನ ಬೈಕಿನಲ್ಲಿ 3,000 ಆರ್‌ಪಿಎಂನ ಕೊರತೆ ಬೇರೆ, 5,500ರ ಕೊರತೆ ಬೇರೆಯಾಗಿದ್ದರಿಂದ ಪಟಾಕಿ ಸದ್ದು ನಿಂತಿತು, ತಡವರಿಕೆ ಅರ್ಧಕ್ಕೆ ಇಳಿಯಿತು, ಹೈವೇಯಲ್ಲಿ ಪೂರ್ತಿ ಎಳೆದಾಗ ಮಾತ್ರ ಬೈಕು ಮೊದಲಿಗಿಂತ ಮಂಕಾಯಿತು. ಏಳೂವರೆ ಸಾವಿರ ಕೊಟ್ಟಿದ್ದೆ, ನಾಲ್ಕು ಸಾವಿರಕ್ಕೆ ಮಾರಿದೆ.

ಪೂರ್ಣ ಇಸಿಯು ಕಾಗದದ ಮೇಲೆ ಎಲ್ಲಕ್ಕಿಂತ ಬಲವಾದದ್ದು: ಇಂಧನ, ಇಗ್ನಿಷನ್, ರೆವ್ ಲಿಮಿಟ್ (ಎಂಜಿನ್ ವೇಗದ ಮಿತಿ) ಎಲ್ಲವೂ ನಮ್ಮ ಕೈಯಲ್ಲಿ. ಆದರೆ ತಾನೇ ಟ್ಯೂನ್ ಆಗುತ್ತದೆ ಎಂಬ ಮಾತು ಇಂಧನಕ್ಕೆ ಮಾತ್ರ ಸಲ್ಲುತ್ತದೆ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು. ಕಿಡಿ ಯಾವಾಗ ಹಾರಬೇಕು ಎಂಬುದನ್ನು ಆಕ್ಸಿಜನ್ ಸೆನ್ಸರ್ ಕಲಿಸಲಾರದು, ಅದನ್ನು ತಿಳಿದವರು ಡೈನೋ (ಬೈಕನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಕೂರಿಸಿಯೇ ಹೊಂದಿಸಬೇಕು. ಎಂಜಿನ್ ಬಿಸಿಯಾಗುವವರೆಗೆ ಕಲಿಕೆ ಶುರುವಾಗುವುದೂ ಇಲ್ಲ; ಹೀಗಾಗಿ ತಣ್ಣಗಿರುವಾಗ ಬೇಕಾದ ಹೆಚ್ಚುವರಿ ಪೆಟ್ರೋಲಿನ ಪಟ್ಟಿಯನ್ನು ಕೈಯಾರೆ ತುಂಬಬೇಕು. ಡಿಸೆಂಬರಿನ ಹಾಸನದ ಬೆಳಗ್ಗೆ ಆರು ಗಂಟೆಗೆ ಮೂರು ವಾರವೂ ನಾನು ಆ ಪಟ್ಟಿಯ ಒಂದೊಂದು ಅಂಕಿಯನ್ನು ತಿದ್ದುತ್ತಾ, ದಿನಕ್ಕೆ ಒಂದೇ ಒಂದು ಸಲ ಸಿಗುವ ತಣ್ಣನೆಯ ಸ್ಟಾರ್ಟಿಗಾಗಿ ಮರುದಿನದವರೆಗೆ ಕಾಯುತ್ತಿದ್ದೆ. ಲ್ಯಾಪ್‌ಟಾಪ್ ಹಿಡಿದು ಕೂರುವುದನ್ನೇ ಪ್ರೀತಿಸುವವರಿಗೆ ಇದು ಸರಿ. ಎಂಟೂವರೆಗೆ ಕೆಲಸಕ್ಕೆ ಹೊರಡಬೇಕಾದ ನನಗೆ ಅಲ್ಲ.

ಈಗ ಇರುವ ವೈಡ್‌ಬ್ಯಾಂಡ್ ಪಿಗ್ಗಿಬ್ಯಾಕ್ ನನಗೆ ಹಿಡಿಸಿದ್ದು ಎರಡು ಕಾರಣಕ್ಕೆ. ಅದರ ಸೆನ್ಸರ್ ಮಿಶ್ರಣ ಎಷ್ಟಿದೆ ಎಂಬುದನ್ನು ಅಂಕಿಯಲ್ಲಿ ಹೇಳುವುದರಿಂದ ಪ್ರತಿ ಆರ್‌ಪಿಎಂಗೂ ಪ್ರತಿ ಥ್ರಾಟಲ್ ಹದಕ್ಕೂ ಬೇರೆಬೇರೆ ತಿದ್ದುಪಡಿ ಕಲಿಯಲು ಬರುತ್ತದೆ. ಎರಡನೆಯದಾಗಿ, ಅದು ಕಂಪನಿಯ ಇಸಿಯು ಕೊಟ್ಟ ಇಂಧನದ ಮೇಲೆ ಶೇಕಡಾವಾರು ಕೂಡಿಸುತ್ತದೆ ಅಥವಾ ಕಳೆಯುತ್ತದೆ, ಅಷ್ಟೆ. ತಣ್ಣನೆಯ ಸ್ಟಾರ್ಟ್, 900 ಮೀಟರಿಗೂ ಮೇಲಿರುವ ಸಕಲೇಶಪುರದಿಂದ ಕರಾವಳಿಗೆ ಇಳಿಯುವಾಗ ದಟ್ಟವಾಗುವ ಗಾಳಿ, ಮುಳ್ಳಯ್ಯನಗಿರಿಯ 1,930 ಮೀಟರಿನ ಕಡೆಗೆ ಏರುವಾಗ ತೆಳುವಾಗುವ ಗಾಳಿ ಇವನ್ನೆಲ್ಲ ಮೂಲ ಇಸಿಯು ಎಂದಿನಂತೆ ನೋಡಿಕೊಳ್ಳುತ್ತದೆ.

ಆದರೂ ಈ ಬಗೆಯೇ ನನ್ನನ್ನು ಅತ್ಯಂತ ಹೆಚ್ಚು ಕಾಡಿದ್ದು, ಕೊಳ್ಳುವವರು ಇದನ್ನು ಪೂರ್ತಿ ಓದಬೇಕೆಂದು ನನ್ನ ಆಸೆ. ಹಾಕಿದ ಎರಡನೇ ವಾರದಿಂದ ಲೀಟರಿಗೆ 31 ಕಿಲೋಮೀಟರ್ ಕೊಡುತ್ತಿದ್ದ ಬೈಕು 24ಕ್ಕೆ ಇಳಿಯಿತು, ಸಿಗ್ನಲ್ಲಿನಲ್ಲಿ ನಿಂತರೆ ಪೆಟ್ರೋಲ್ ವಾಸನೆ ಬರತೊಡಗಿತು, ಪ್ಲಗ್ ಬಿಚ್ಚಿದರೆ ಮಸಿ. ಕಲಿತ ಪಟ್ಟಿಯನ್ನು ತೆರೆದು ನೋಡಿದರೆ 3,500 ಆರ್‌ಪಿಎಂ ಮೇಲೆಲ್ಲ ಶೇ. 4ರಿಂದ 6ರಷ್ಟು ಹೆಚ್ಚಳವಿದ್ದು, ಐಡ್ಲಿಂಗ್ ಮತ್ತು 2,000ದ ಆಸುಪಾಸಿನ ಮನೆಗಳು (ಪಟ್ಟಿಯ ಚೌಕಗಳು) ಮಾತ್ರ ಶೇ. 20ರ ಮಿತಿಗೆ ತಾಗಿ ನಿಂತಿದ್ದವು. ಪ್ಲಗ್ ಪೆಟ್ರೋಲ್ ಹೆಚ್ಚಾಗಿದೆ ಎನ್ನುತ್ತಿದೆ, ಸೆನ್ಸರ್ ಸಾಲದು ಎನ್ನುತ್ತಿದೆ. ಸೆನ್ಸರನ್ನು ಬಿಚ್ಚಿ ಹೊರಗಿನ ಗಾಳಿಯಲ್ಲಿ ಪರೀಕ್ಷಿಸಿದೆ, ಅದು ಸರಿಯಾಗಿತ್ತು. ಇಂಜೆಕ್ಟರ್ ಕ್ಲೀನ್ ಮಾಡಿಸಿದೆ, ಮಾಡ್ಯೂಲಿನ ಸಾಫ್ಟ್‌ವೇರ್ ಹೊಸದು ಹಾಕಿದೆ, ಪಟ್ಟಿಯನ್ನು ಅಳಿಸಿ ಮತ್ತೆ ಕಲಿಸಿದೆ. ಮೂರು ದಿನದಲ್ಲಿ ಅದೇ ಮನೆಗಳು ಮತ್ತೆ 20ಕ್ಕೆ ಬಂದು ನಿಂತವು.

ಕೊನೆಗೆ ಸಕಲೇಶಪುರದ ಹಿರಿಯ ಮೆಕ್ಯಾನಿಕ್ ಒಬ್ಬರು, "ಕಂಪ್ಯೂಟರ್ ಆಮೇಲೆ ನೋಡೋಣ ಸಾರ್, ಮೊದ್ಲು ಪೈಪ್ ನೋಡೋಣ" ಎಂದು ತಣ್ಣಗಿದ್ದ ಎಂಜಿನ್ನಿನ ಸೈಲೆನ್ಸರ್ ಬಾಯಿಗೆ ಬ್ಲೋವರಿನಿಂದ ಗಾಳಿ ಊದಿ, ಬೆಂಡ್ ಪೈಪಿನ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಪೈಪು) ಉದ್ದಕ್ಕೂ ಸೋಪಿನ ನೀರು ಸವರಿದರು. ಪೈಪು ಎಂಜಿನ್ನಿನ ಹೆಡ್ಡಿಗೆ ಕೂಡುವ ಜಾಗದಲ್ಲಿ ಗುಳ್ಳೆ ಎದ್ದವು. ಹೊಸ ಸೆನ್ಸರ್ ಕೂರಿಸುವ ಬುಷ್ ವೆಲ್ಡ್ ಮಾಡಿಸಲು ಪೈಪು ಬಿಚ್ಚಿದವನು ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಹಾಕಿ ಬಿಗಿದಿದ್ದೆ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಹೊಗೆ ಒಂದೊಂದೇ ಗುಕ್ಕಾಗಿ ಹೊರಬೀಳುತ್ತದೆ, ಪ್ರತಿ ಗುಕ್ಕಿನ ಹಿಂದೆ ಪೈಪಿನ ಒಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗುವ ಒಂದು ಗಳಿಗೆ ಇರುತ್ತದೆ. ಆಗ ಕೂದಲೆಳೆಯಷ್ಟು ಸಂದಿಯಿದ್ದರೂ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್ ಅದರ ಆಮ್ಲಜನಕವನ್ನು ಕಂಡು ಲೀನ್ ಎಂದು ವರದಿ ಮಾಡುತ್ತದೆ, ಮಾಡ್ಯೂಲ್ ಪೆಟ್ರೋಲ್ ಕೂಡಿಸುತ್ತದೆ, ಸಂದಿಯ ಗಾಳಿ ಇದ್ದಂತೆಯೇ ಇರುವುದರಿಂದ ಮತ್ತೆ ಕೂಡಿಸುತ್ತದೆ, ಮಿತಿ ಮುಟ್ಟುವವರೆಗೆ ಕೂಡಿಸುತ್ತಲೇ ಹೋಗುತ್ತದೆ. ವೇಗ ಹೆಚ್ಚಿದಾಗ ಹೊಗೆಯ ಪ್ರಮಾಣವೇ ಅಪಾರವಾಗುವುದರಿಂದ ಸಂದಿಯ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಮೇಲಿನ ಮನೆಗಳು ಸರಿಯಿದ್ದದ್ದು ಅದಕ್ಕೇ.

ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ 20 ಇದ್ದದ್ದು 9ಕ್ಕೆ ಇಳಿಯಿತು. ಉಳಿದದ್ದಕ್ಕೆ ಕಾರಣ ನನ್ನ ಗಿಡ್ಡ ಸೈಲೆನ್ಸರ್: ಐಡ್ಲಿಂಗಿನಲ್ಲಿ ಅದರ ಬಾಯಿಯಿಂದಲೇ ಗಾಳಿ ಹಿಂದಕ್ಕೆ ಸೆಳೆಯಲ್ಪಟ್ಟು ಸೆನ್ಸರನ್ನು ಮುಟ್ಟುತ್ತಿತ್ತು. ತೆಗೆದಿಟ್ಟಿದ್ದ ಡಿಬಿ ಕಿಲ್ಲರನ್ನು (ಸೈಲೆನ್ಸರ್ ಬಾಯಿಗೆ ಹಾಕುವ, ಸದ್ದು ತಗ್ಗಿಸುವ ತುಂಡು) ಮತ್ತೆ ಹಾಕಿದೆ, 2,000 ಆರ್‌ಪಿಎಂ ಕೆಳಗೆ ಕಲಿಕೆಯನ್ನು ನಿಲ್ಲಿಸಿ ಆ ಮನೆಗಳಿಗೆ ಕೈಯಾರೆ ಶೇ. 3 ಬರೆದೆ, ಒಟ್ಟು ಕಲಿಕೆಯ ಮಿತಿಯನ್ನು 20ರಿಂದ 10ಕ್ಕೆ ಇಳಿಸಿದೆ. ಕಿಡಿ ತಪ್ಪಿದರೂ ಉರಿಯದ ಆಮ್ಲಜನಕ ಸೆನ್ಸರಿಗೆ ಲೀನ್ ಆಗಿಯೇ ಕಾಣುವುದರಿಂದ ಹೊಸ ಪ್ಲಗ್ ಕೂಡ ಹಾಕಿಸಿದೆ. ಮೈಲೇಜ್ ಈಗ 29ರಲ್ಲಿ ನಿಂತಿದೆ, ಶಿರಾಡಿಯ ಎರಡನೇ ಗೇರಿನ ತಡವರಿಕೆ ಪೂರ್ತಿ ಹೋಗಿದೆ.

ಸೆನ್ಸರ್ ಕೂರಿಸುವ ಕೋನದ ಬಗ್ಗೆಯೂ ಒಂದು ಮಾತು. ಬುಷ್ಷನ್ನು ಪೈಪಿನ ಅಡಿಯಲ್ಲಿ ವೆಲ್ಡ್ ಮಾಡುವುದು ಸುಲಭವೆಂದು ವೆಲ್ಡರ್ ಹಾಗೇ ಗುರುತು ಹಾಕಿದ್ದರು, ಸಕಾಲದಲ್ಲಿ ನೋಡಿ ತಡೆದೆ. ಬಾಷ್ ಎಲ್‌ಎಸ್‌ಯು 4.9ರಂಥ ವೈಡ್‌ಬ್ಯಾಂಡ್ ಸೆನ್ಸರಿನ ಒಳಭಾಗ ಸುಮಾರು 780 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಪೈಪಿನೊಳಗೆ ಇಬ್ಬನಿಗಟ್ಟಿದ ನೀರಿನ ಹನಿ ತಾಗಿದರೆ ಬಿರುಕು ಬಿಡುತ್ತದೆ. ಮಟ್ಟದ ಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿ ಕೂರಿಸಬೇಕು.

ವೈರಿಂಗಿನ ಅಂದದಲ್ಲಿ ಚಿಕ್ಕ ಡಬ್ಬಿಯೇ ಮೇಲು. ಮಳೆಗೆ ಮೂರೂ ತಡೆದುಕೊಂಡವು. ಮೂಲ ಸೆಟಪ್ಪಿಗೆ ಮರಳುವುದು ಪಿಗ್ಗಿಬ್ಯಾಕಿನಲ್ಲಿ ಕನೆಕ್ಟರ್ ಬಿಚ್ಚಿದಷ್ಟೇ ಸುಲಭ, ಪೈಪಿನ ಬುಷ್ಷಿಗೆ ಒಂದು ಬೋಲ್ಟ್ ಬಿಗಿದರೆ ಆಯಿತು. ವಾರಂಟಿ ಇರುವ ಬೈಕಿಗೆ ಇವು ಯಾವುದನ್ನೂ ಹಾಕಬೇಡಿ, ವಾಹನದ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಒಮ್ಮೆ ಓದಿಕೊಳ್ಳಿ.

ವೈಡ್‌ಬ್ಯಾಂಡ್ ಕಿಟ್, ವೆಲ್ಡಿಂಗ್, ಗ್ಯಾಸ್ಕೆಟ್ ಎಲ್ಲ ಸೇರಿ ನನಗೆ 38,000 ರೂಪಾಯಿ ಆಯಿತು, ಸೆನ್ಸರ್ ಸವೆಯುವ ವಸ್ತುವಾದ್ದರಿಂದ ಮುಂದೊಮ್ಮೆ ಅದರ ಖರ್ಚೂ ಇದೆ. ತಿಂಗಳಿಗೆ ಎರಡು ಸಲ ಘಾಟಿ ಇಳಿದು ಹತ್ತುವ, ಸೈಲೆನ್ಸರನ್ನು ಇನ್ನೊಮ್ಮೆ ಬದಲಿಸಲಿರುವ, ಭಾನುವಾರ ಒಂದು ಗಂಟೆ ಮಾಡ್ಯೂಲಿನ ಲಾಗ್ (ದಾಖಲೆ) ನೋಡಲು ಬೇಸರಪಡದ ನನಗೆ ಆ ದುಡ್ಡು ಸಲ್ಲುತ್ತದೆ. ಸೈಲೆನ್ಸರ್ ಮೂಲದ್ದೇ ಇದ್ದು, ಆಫೀಸಿಗೆ ಹೋಗಿ ಬರುವುದಷ್ಟೇ ಕೆಲಸವಾದರೆ ಚಿಕ್ಕ ಡಬ್ಬಿ ಸಾಕು. ತಡವರಿಕೆಯೇ ಇಲ್ಲದಿದ್ದರೆ ಅದೂ ಬೇಡ. ಯಾವುದನ್ನು ಕೊಂಡರೂ ಹಾಕುವ ದಿನ ಅಂಗಡಿಯಿಂದ ಹೊಸ ಬೆಂಡ್ ಪೈಪ್ ಗ್ಯಾಸ್ಕೆಟ್ ಒಂದನ್ನು ಜೊತೆಗೆ ತನ್ನಿ.